ಹೆಬ್ಬೆರಳಿಗೊಂದು ಚಪ್ಪರ

ಮಾವನ ಬಲಗಾಲಿನ ಹೆಬ್ಬೆರಳು ಊದಿಕೊಂಡು ಕೆಂಪಗಾದಂದಿನಿಂದ, ಅವರು ಬಂದು ಉಳಿದಿದ್ದ ಮಗಳ ಮನೆಯಲ್ಲಿ ಯಾರೂ ಜೋರಾಗಿ ಹೆಜ್ಜೆ ಇಡುವಂತಿರಲಿಲ್ಲ. ಪಕ್ಕದಲ್ಲಿ ನಡೆದರೆ ನೆಲ ಅದುರುತ್ತದೆ, ನೆಲ ಅದುರಿದರೆ ಮಂಚ ಅದುರುತ್ತದೆ, ಮಂಚ ಅದುರಿದರೆ ಬೆರಳಿಗೆ ಕೆಂಡ ಇಟ್ಟ ಹಾಗಾಗುತ್ತದೆ ಎಂದು ಮಾವ ಕೂಗುತ್ತಿದ್ದರು. ಆಯುಷ್ಯವೆಲ್ಲ ಬಸ್ಸು ಓಡಿಸಿದ ಮನುಷ್ಯ. ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಹಿಗ್ಗಿದ ಗಂಟಲು. ಅವರು ಮೆಲ್ಲಗೆ ನರಳಿದರೂ ಕೆಳಗಿನ ಮನೆಯವರು ತಲೆಯೆತ್ತಿ ಚಾವಣಿ ನೋಡುತ್ತಿದ್ದರು.

ಡಾಕ್ಟರು ಯೂರಿಕ್ ಆಸಿಡ್ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಹೊದಿಕೆ ಬೆರಳಿಗೆ ತಾಕದ ಹಾಗೆ ನೋಡಿಕೊಳ್ಳಿ ಎಂದೂ ಹೇಳಿದರು. ಕಷ್ಟವಿದ್ದದ್ದು ಅಲ್ಲೇ. ಹೊದಿಕೆ ಹೊದ್ದರೆ ಮಾವನಿಗೆ ಬೆಂಕಿ, ಹೊದೆಯದಿದ್ದರೆ ಚಳಿ. ಮಗಳು ದಿಂಬುಗಳನ್ನು ಪೇರಿಸಿ ಅವುಗಳ ಮೇಲೆ ಹೊದಿಕೆ ಹರಡಿದಳು. ಮಾವ ಒಂದು ಸಲ ಮಗ್ಗುಲಾದದ್ದೇ ತಡ, ದಿಂಬು ಜಾರಿ ಸರಿಯಾಗಿ ಬೆರಳಿನ ಮೇಲೆಯೇ ಬಿತ್ತು. ಆಗ ಅವರು ಹಾಕಿದ ಬೊಬ್ಬೆಗೆ ಹೊಲಿಗೆ ಯಂತ್ರದ ಮೇಲಿದ್ದ ಕತ್ತರಿಯೂ ಕೆಳಗೆ ಬಿತ್ತು.

ಅಳಿಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹೊದಿಕೆಯನ್ನು ಕಾಲಿನಿಂದ ಎತ್ತಿ ಹಿಡಿಯಲು ಕಂಬಿಯ ಗೂಡೊಂದು ಸಿಗುತ್ತದೆಂದು ಅವನಿಗೆ ಗೊತ್ತಿತ್ತು. ಅದನ್ನು ತರಿಸಲು ಬಹಳ ದಿನ ಬೇಕಾಗುತ್ತದೆಂದೂ ಗೊತ್ತಿತ್ತು.

"ಅದು ಬರೋ ಹೊತ್ತಿಗೆ ನನ್ನ ಬೆರಳೇ ಉದುರಿ ಹೋಗಿರುತ್ತೆ ಅಳಿಯಂದ್ರೆ," ಎಂದರು ಮಾವ.

"ನಾನೇ ಮಾಡ್ತೀನಿ ಬಿಡಿ ಮಾವ," ಎಂದುಬಿಟ್ಟ ಅಳಿಯ. ಆ ಮಾತು ತನ್ನ ಬಾಯಿಂದ ಹೇಗೆ ಬಂತೆಂದು ಅವನಿಗೇ ಆಶ್ಚರ್ಯ. ಗೋಡೆಗೆ ಮೊಳೆ ಹೊಡೆಯಲೂ ಹೆಂಡತಿಯ ಮುಖ ನೋಡುವ ಪ್ರಾಣಿ ಅವನು.

ಹಾರ್ಡ್‌ವೇರ್ ಅಂಗಡಿಯಿಂದ ವೈರಿಂಗಿಗೆ ಬಳಸುವ ತೆಳು ಪ್ಲಾಸ್ಟಿಕ್ ಪೈಪುಗಳನ್ನು ತಂದ. ಮೂಲೆಗೆ ಸಿಕ್ಕಿಸುವ ತುಂಡುಗಳು ಆ ಅಳತೆಗೆ ಇರಲಿಲ್ಲ. ಅಂಗಡಿಯವನು, "ತೂತು ಕೊರೆದು ಬೋಲ್ಟು ಹಾಕ್ಕೊಳ್ಳಿ ಸಾರ್, ಅಷ್ಟೇ ಕೆಲಸ," ಎಂದು ಹಿಡಿಯಷ್ಟು ಬೋಲ್ಟು ನಟ್ಟು ಕಟ್ಟಿಕೊಟ್ಟ. ಗರಗಸವನ್ನೂ ಕೈಯಲ್ಲಿ ತಿರುಗಿಸುವ ಬೈರಿಗೆಯನ್ನೂ ಕೆಳಗಿನ ಮನೆಯವರು ಕೇಳಿದ ಕೂಡಲೇ ಕೊಟ್ಟರು. ಮೇಲಿನ ಬೊಬ್ಬೆ ನಿಲ್ಲುವುದಾದರೆ ಮನೆಯ ಬಾಗಿಲನ್ನೇ ಕಿತ್ತು ಕೊಡುತ್ತಿದ್ದರೇನೋ.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ನಡುಮನೆಯಲ್ಲಿ ಜಾಗ ಮಾಡಿಕೊಟ್ಟಳು. ನಾಲ್ಕು ಕಾಲು, ಉದ್ದಕ್ಕೆ ನಾಲ್ಕು ತುಂಡು, ಅಡ್ಡಕ್ಕೆ ನಾಲ್ಕು ತುಂಡು. ಕಾಲು ಹದಿನೈದು ಇಂಚು, ಅಡ್ಡ ಇಪ್ಪತ್ತು, ಉದ್ದ ಇಪ್ಪತ್ತನಾಲ್ಕು ಎಂದು ಮಾವನೇ ಮಲಗಿದಲ್ಲಿಂದ ಗೇಣು ಹಾಕಿ ತೀರ್ಮಾನಿಸಿದ್ದರು. ಹೆಂಡತಿ ತನ್ನ ಹೊಲಿಗೆಯ ಅಳತೆಪಟ್ಟಿಯನ್ನು ಕೊರಳಿನಿಂದ ತೆಗೆದು ಪೈಪಿನ ಮೇಲೆ ಹಾಸಿ, ಸೀಮೆಸುಣ್ಣದ ಚೂರಿನಿಂದ ಗುರುತು ಹಾಕುತ್ತ ಹೋದಳು. ಇವನು ಪೈಪನ್ನು ಸ್ಟೂಲಿನ ಅಂಚಿಗಿಟ್ಟು ಎಡಗಾಲಿನಿಂದ ಒತ್ತಿ ಹಿಡಿದು ಗರಗಸ ಆಡಿಸಿದ.

ಮೊದಲ ತುಂಡು ಓರೆಯಾಯಿತು. ಗುರುತಿನ ಸುತ್ತ ಕಾಗದ ಸುತ್ತಿಕೊಂಡು ಅದರ ಅಂಚಿಗೆ ಕೊಯ್ಯಬೇಕೆಂಬುದು ಎರಡನೆಯದಕ್ಕೆ ಹೊಳೆಯಿತು. ಬಿಳಿ ಪುಡಿ ಹಿಟ್ಟಿನಂತೆ ಉದುರಿ ತೋಳಿನ ರೋಮಕ್ಕೆ ಅಂಟಿಕೊಂಡಿತು, ಒರೆಸಿದರೆ ಅಂಗೈಗೆ ಅಂಟಿತು, ಅಂಗೈ ಕೊಡವಿದರೆ ಮತ್ತೆ ತೋಳಿಗೇ ಬಂತು. ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಹತ್ತಿತು.

"ರೈಟ್... ರೈಟ್... ರೈಟ್..." ಒಳಗಿನಿಂದ ಮಾವ ಗರಗಸದ ಸದ್ದಿಗೆ ತಾಳ ಹಾಕುತ್ತಿದ್ದರು. ತುಂಡು ನೆಲಕ್ಕೆ ಬಿದ್ದ ಸದ್ದಾದರೆ, "ಹೋಲ್ಡಾನ್!"

ಅರ್ಧ ಕೆಲಸ ಆಗುವಾಗ ಅಂಗಿಯ ತೋಳು ಗಿಡ್ಡ ಮಾಡಿಸಿಕೊಳ್ಳಲು ಯಾರೋ ಬಂದರು. ಹೆಂಡತಿ ಅಳತೆಪಟ್ಟಿಯನ್ನು ಗಂಡನ ಕೈಗೆ ಕೊಟ್ಟು, ತಾನು ಗುಂಡುಪಿನ್ನಿನ ಡಬ್ಬಿ ಹಿಡಿದು ಎದ್ದಳು. ಉಳಿದ ತುಂಡುಗಳಿಗೆ ಅವನೇ ಗುರುತು ಹಾಕಿ ಅವನೇ ಕೊಯ್ದ.

ತೂತು ಕೊರೆಯುವುದು ಇನ್ನೊಂದು ಗೋಳು. ಪೈಪು ದುಂಡಗೆ, ಬೈರಿಗೆಯ ಮೊನೆ ನಿಲ್ಲುವುದೇ ಇಲ್ಲ. ಅತ್ತ ಇಟ್ಟರೆ ಇತ್ತ ಜಾರುತ್ತದೆ. ಮೊಳೆಯಿಂದ ಮೊದಲು ಸಣ್ಣ ಗುಳಿ ಮಾಡಿಕೊಂಡು, ಪೈಪು ಬಿರಿಯದಂತೆ ಒಳಗೊಂದು ಕಡ್ಡಿ ತುರುಕಿ, ಹಿಡಿಯನ್ನು ಮೆಲ್ಲಗೆ ತಿರುಗಿಸಬೇಕು. ಪ್ಲಾಸ್ಟಿಕ್ಕು ಬೋಳಿಸಿದ ಕೂದಲಿನಂತೆ ಸುರುಳಿ ಸುರುಳಿಯಾಗಿ ಮೇಲೆದ್ದಿತು. ಕೆಲಸ ಮುಗಿಸಿ ಎದ್ದಾಗ ಅಳಿಯನ ಸೊಂಟ ಹಿಡಿದುಕೊಂಡಿತ್ತು. ಆದರೂ ಒಳಗೊಳಗೇ ಖುಷಿ.

ಬೋಲ್ಟು ಹಾಕಿ ನಿಲ್ಲಿಸಿದರೆ, ಗೂಡು ಹೊಂಡಕ್ಕೆ ಚಕ್ರ ಇಳಿಸಿದ ಬಸ್ಸಿನ ಹಾಗೆ ಒಂದು ಪಕ್ಕಕ್ಕೆ ವಾಲಿ ನಿಂತಿತು. ಎರಡು ಕಾಲು ಗಿಡ್ಡ. ಅಡ್ಡ ತುಂಡುಗಳಲ್ಲೂ ಎರಡು ಗಿಡ್ಡ. ಅವಕ್ಕೆ ಬೋಲ್ಟೇ ಕೂರಲಿಲ್ಲ.

ಹೆಂಡತಿ ಪಟ್ಟಿ ಹಿಡಿದು ಅಳೆದಳು. "ಇದು ಹದಿನೈದು, ಸರಿ ಇದೆ. ಇದೂ ಹದಿನೈದು." ಆಮೇಲೆ ಅವನು ಗುರುತು ಹಾಕಿದ್ದನ್ನು ಹಿಡಿದಳು. "ಇದು ಹದಿನಾಲ್ಕು ರೀ. ಒಂದಿಂಚು ಕಮ್ಮಿ ಕೊಯ್ದುಬಿಟ್ಟಿದ್ದೀರ."

"ಹದಿನೈದಕ್ಕೇ ಹಾಕಿದ್ನಲ್ಲ?"

"ಆಟ ಆಡ್ತಾ ಆಡ್ತಾ ಹಾಕಿರ್ತೀರ. ಇನ್ನೊಂದು ಪೈಪು ಇದೆಯಲ್ಲ, ಕೊಯ್ಯಿರಿ."

ಕೊಯ್ದ. ಈ ಸಲ ಉಸಿರು ಬಿಗಿಹಿಡಿದು, ಪಟ್ಟಿಯ ತುದಿಯನ್ನು ಪೈಪಿನ ಬಾಯಿಗೆ ಸರಿಯಾಗಿ ಕೂರಿಸಿ, ಹದಿನೈದರ ಗೆರೆಯನ್ನು ಎರಡು ಸಲ ನೋಡಿ ಕೊಯ್ದ. ತಂದು ಕಾಲಿನ ಪಕ್ಕ ನಿಲ್ಲಿಸಿದರೆ ಅದೇ ಕತೆ, ಒಂದಿಂಚು ಗಿಡ್ಡ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಅವಳನ್ನು ಕೂಗಲಿಲ್ಲ. ಪಟ್ಟಿ ಹಿಡಿದು ತಾನೇ ಅಳೆದ. ಅವನ ಕಣ್ಣಿಗೆ ಅದು ಹದಿನೈದೇ ಕಂಡಿತು. ಅವಳು ಗುರುತು ಹಾಕಿದ ಕಾಲು ಹದಿನಾರು ಕಂಡಿತು. ಅದೇ ಪಟ್ಟಿ. ಅವಳು ಅದನ್ನು ಹಿಡಿದು ಈಗಷ್ಟೇ ಹದಿನೈದು ಎಂದಿದ್ದಳು. ಆ ಪಟ್ಟಿಯಲ್ಲಿ ಅಳೆದು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದಿದ್ದಾಳೆ. ಯಾರ ಮೈಗೂ ಒಂದಿಂಚು ಹೆಚ್ಚುಕಮ್ಮಿಯಾದದ್ದಿಲ್ಲ.

ಅಳಿಯ ಗರಗಸ ಕೆಳಗಿಟ್ಟ.

ಅವನ ಅಪ್ಪನಿಗೆ ಶುರುವಾದದ್ದು ಹೀಗೆಯೇ. ಯಾರನ್ನೂ ಮರೆತಿರಲಿಲ್ಲ, ಯಾವ ಮಾತೂ ತಪ್ಪಿರಲಿಲ್ಲ, ಬರೀ ಅಂಕಿಯಲ್ಲಿ ಒಂದು ಆಚೀಚೆ. ಗಡಿಯಾರದಲ್ಲಿ ನಾಲ್ಕು ಗಂಟೆಯಾಗಿದ್ದರೆ ಐದೆನ್ನುತ್ತಿದ್ದರು. ಮನೆಯವರೆಲ್ಲ ನಗುತ್ತಿದ್ದರು, ಅಪ್ಪನೂ ನಗುತ್ತಿದ್ದರು. ಒಂದು ಸಂಜೆ ಪೇಟೆಯಿಂದ ಬಂದವರು ಪಕ್ಕದ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತು ನೀರು ಕೇಳಿದರು. ಆಮೇಲೆ ಯಾರೂ ನಗಲಿಲ್ಲ.

ಗಿಡ್ಡ ತುಂಡನ್ನು ಹೊಲಿಗೆ ಯಂತ್ರದ ಹಿಂದೆ ತಳ್ಳಿ, "ಪೈಪು ಸಾಲದು ಕಣೇ, ಇನ್ನೊಂದಿನ ತರ್ತೀನಿ," ಎಂದು ಅಳಿಯ ಕೈ ತೊಳೆಯಲು ಹೋದ.

ಮಾರನೆಯ ದಿನ ಅಂಗಡಿಯಲ್ಲಿ ಅವನ ಕೈ ಓಡಲಿಲ್ಲ. ಐದು ಮಿಲಿಗ್ರಾಂ ಬರೆದಲ್ಲಿ ಐದನ್ನೇ ಕೊಡುತ್ತಿದ್ದೇನೆಯೇ? ದಿನಕ್ಕೆ ಒಂದು ಎಂಬುದನ್ನು ಎರಡು ಎಂದು ಓದಿದರೆ ಯಾರ ಮನೆ ಹಾಳು? ಚೀಟಿ ನೋಡಿ, ಡಬ್ಬಿ ನೋಡಿ, ಮತ್ತೆ ಚೀಟಿ ನೋಡಿ, ಕೊಟ್ಟ ಪೊಟ್ಟಣವನ್ನು ಗಿರಾಕಿಯ ಕೈಯಿಂದ ಇಸಿದುಕೊಂಡು ಮತ್ತೊಮ್ಮೆ ನೋಡಿದ. ಸಾಲು ಬಾಗಿಲಾಚೆ ಬೆಳೆಯಿತು. ಕೆಮ್ಮಿನ ಔಷಧಿಗೆ ಬಂದ ಹೆಂಗಸೊಬ್ಬರು, "ಏನಪ್ಪಾ, ವಿಷ ಗಿಷ ಕೊಡ್ತಾ ಇದ್ದೀಯ ಹೇಗೆ?" ಎಂದು ನಕ್ಕರು. ಅವನು ಸೀಸೆಯನ್ನು ಹಿಂದಕ್ಕೆ ತೆಗೆದುಕೊಂಡು ಚೀಟಿಯನ್ನು ಇನ್ನೊಮ್ಮೆ ಓದಿದ.

ಮಧ್ಯಾಹ್ನ ಯಜಮಾನರ ಹತ್ತಿರ ಹೋಗಿ, "ಸ್ವಲ್ಪ ದಿನ ಹಿಂದಿನ ಕೋಣೇಲಿ ಪೆಟ್ಟಿಗೆ ಬಿಚ್ಚೋ ಕೆಲಸ ಮಾಡ್ತೀನಿ ಸರ್," ಎಂದ.

"ಯಾಕಪ್ಪ, ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಸರ್, ಧೂಳು ಹೊಡೀಬೇಕಿತ್ತು."

ಯಜಮಾನರು ಕನ್ನಡಕದ ಮೇಲಿಂದ ನೋಡಿದರು. ಧೂಳಿಗಾಗಿ ಗಲ್ಲಾಪೆಟ್ಟಿಗೆಯ ಪಕ್ಕದ ಜಾಗ ಬಿಟ್ಟುಕೊಟ್ಟವರನ್ನು ಅವರು ಕಂಡಿರಲಿಲ್ಲ. ಆದರೂ ಹೂಂ ಎಂದರು.

ಸಂಜೆ ಪಕ್ಕದ ಕನ್ನಡಕದಂಗಡಿಗೆ ಹೋಗಿ ಕಣ್ಣು ತೋರಿಸಿದ. ಗೋಡೆಯ ಮೇಲಿನ ಹಲಗೆಯನ್ನು ಕೊನೆಯ ಸಾಲಿನವರೆಗೂ ಗಡಗಡ ಓದಿದ. "ಹದ್ದಿನ ಕಣ್ಣು ಕಣ್ರೀ ನಿಮ್ದು," ಎಂದು ಅಂಗಡಿಯವನು ಬೆನ್ನು ತಟ್ಟಿ ಕಳಿಸಿದ. ಬೇರೆ ಯಾರಾದರೂ ಆಗಿದ್ದರೆ ಸಮಾಧಾನವಾಗುತ್ತಿತ್ತು. ಇವನಿಗೆ ಇದ್ದ ಒಂದು ಆಸೆಯೂ ಹೋಯಿತು. ಕೆಟ್ಟಿರುವುದು ಕಣ್ಣಲ್ಲ ಎಂದಮೇಲೆ ತಲೆಯೇ ತಾನೆ?

ಮನೆಯಲ್ಲಿ ಮಾತು ಕಡಿಮೆಯಾಯಿತು. ಗೂಡು ಮೂಲೆಯಲ್ಲಿ ವಾಲಿಕೊಂಡೇ ಇತ್ತು. ಹೆಂಡತಿ ಒಂದೆರಡು ಸಲ, "ಪೈಪು ತಂದ್ರಾ?" ಎಂದು ಕೇಳಿ ಸುಮ್ಮನಾದಳು. ತನ್ನ ಅಪ್ಪ ಮನೆಗೆ ಬಂದು ಕೂತದ್ದಕ್ಕೆ ಇವರಿಗೆ ಬೇಸರವಾಗಿದೆ ಎಂದು ಅವಳ ಲೆಕ್ಕ. ಅವಳ ಸಪ್ಪೆ ಮುಖ ನೋಡಿ, ಇವಳಿಗೆ ನನ್ನ ಸ್ಥಿತಿ ಗೊತ್ತಾಗಿಬಿಟ್ಟಿದೆ, ಹೇಳುತ್ತಿಲ್ಲ ಎಂದು ಅವನ ಲೆಕ್ಕ. ಒಳಗೆ ಮಲಗಿದ್ದ ಮಾವ ಇಬ್ಬರ ಮೌನವನ್ನೂ ಕೇಳಿಸಿಕೊಂಡು ತಮ್ಮದೇ ಮೂರನೆಯ ಲೆಕ್ಕ ಹಾಕುತ್ತಿದ್ದರು.

ಅಂಗಡಿಗೆ ರಜೆಯಿದ್ದ ದಿನ ಹೆಂಡತಿ ಹೊಲಿದ ಬಟ್ಟೆ ಕೊಟ್ಟು ಬರಲು ಹೋದಳು. ಮಾವ ಕುಂಟುತ್ತ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಚಾಚಿದರು.

"ಅಳಿಯಂದ್ರೆ, ಇಲ್ಲಿ ಬನ್ನಿ. ಒಂದು ಮಾತು ಕೇಳ್ತೀನಿ, ಮನಸ್ಸಿಗೆ ಹಚ್ಕೋಬೇಡಿ. ನಾನು ಇಲ್ಲಿರೋದು ನಿಮಗೆ ಭಾರ ಆಗಿದ್ರೆ ನೇರವಾಗಿ ಹೇಳಿ. ದೊಡ್ಡ ಮಗಳ ಮನೆ ಇದೆ."

ಅಳಿಯ ಕಕ್ಕಾಬಿಕ್ಕಿಯಾದ. "ಅಯ್ಯೋ, ಏನು ಮಾತು ಮಾವ ಇದು!"

"ಮತ್ತೆ ಆ ಗೂಡು ಯಾಕೆ ಹಾಗೆ ಬಿದ್ದಿದೆ? ಮನಸ್ಸಿದ್ರೆ ಮುಗೀತಿರಲಿಲ್ವಾ?"

ಹೆಂಡತಿಗೆ ಹೇಳದ್ದನ್ನು ಅಳಿಯ ಮಾವನಿಗೆ ಹೇಳಿದ. "ನಂಗೆ ಅಂಕಿ ತಪ್ಪಿ ಕಾಣ್ತಿದೆ ಮಾವ. ಹದಿನಾಲ್ಕು ಇರೋದು ಹದಿನೈದು ಕಾಣ್ತದೆ. ಅಪ್ಪಂಗೂ ಹೀಗೇ ಶುರುವಾಗಿತ್ತು."

ಮಾವ ಸೀಟು ಸರಿಮಾಡಿಕೊಂಡ ಡ್ರೈವರಿನ ಹಾಗೆ ಕುರ್ಚಿಯಲ್ಲಿ ನೆಟ್ಟಗಾದರು. "ಪರೀಕ್ಷೆ ಮಾಡೇಬಿಡೋಣ. ಅಗೋ ಆ ಕೆಂಪು ಗಾಡಿ. ನಂಬರ್ ಓದಿ."

"ನಾಲ್ಕು ಒಂದು ಎಂಟು ಆರು."

"ತಪ್ಪು! ಎಂಟಲ್ಲ, ಮೂರು."

ಅಳಿಯ ಕಿಟಕಿಯ ಸರಳು ಹಿಡಿದು ಬಗ್ಗಿ ನೋಡಿದ. ಗಾಡಿ ತಿರುವಿನಾಚೆ ಹೋಗಿತ್ತು. ಮುಂದಿನ ಗಾಡಿ ಓದಿದ. ಮಾವ ಮತ್ತೆ ತಪ್ಪು ಎಂದರು. ಅದರ ಮುಂದಿನದಕ್ಕೂ ಅದೇ. ಅಳಿಯ ಅಲ್ಲೇ ನೆಲಕ್ಕೆ ಕುಸಿದು ಕೂತ.

ಅವನ ಮುಖ ನೋಡಿ ಮಾವನಿಗೆ ಗಾಬರಿಯಾಯಿತು. "ಏಯ್, ಏಳಿ ಏಳಿ! ಸುಳ್ಳು ಹೇಳ್ದೆ ಕಣ್ರೀ. ನಂಗೆಲ್ಲಿ ಕಾಣುತ್ತೆ ಅಷ್ಟು ದೂರ? ಗಾಡಿನೇ ಮಸುಕು. ನಾನು ತಪ್ಪು ಅಂದ್ರೆ ನೀವು ಇಲ್ಲ ಸರಿ ಅಂತ ಜಗಳಕ್ಕೆ ಬರ್ತೀರೇನೋ ಅಂತ ನೋಡ್ದೆ. ತಲೆ ಕೆಟ್ಟವನು ಎಲ್ಲಾದ್ರೂ ಒಪ್ಕೋತಾನಾ? ನಮ್ಮ ಡಿಪೋದಲ್ಲಿ ಒಬ್ಬನಿಗೆ ಕೆಟ್ಟಿತ್ತು. ಇಡೀ ಡಿಪೋಗೇ ಕೆಟ್ಟಿದೆ ಅಂತಿದ್ದ."

ಇದು ಸಮಾಧಾನವೋ, ಇನ್ನೊಂದು ಪರೀಕ್ಷೆಯೋ ಅಳಿಯನಿಗೆ ತಲೆ ಬುಡ ತಿಳಿಯಲಿಲ್ಲ. ನಗಬೇಕೋ ಸಿಟ್ಟಾಗಬೇಕೋ ಅದೂ ತಿಳಿಯಲಿಲ್ಲ.

"ಆ ಪೈಪು ತನ್ನಿ. ಪಟ್ಟಿನೂ ತನ್ನಿ," ಎಂದರು ಮಾವ.

ಪಟ್ಟಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ದೂರ ಕಾಣದ ಕಣ್ಣು ಹತ್ತಿರಕ್ಕೂ ಹಾಗೇ; ಒಂದೊಂದೇ ಅಂಕಿಯನ್ನು ಬೆರಳಿನಿಂದ ಒತ್ತಿ ಹಿಡಿದು ಓದಬೇಕು. ತುದಿಯ ಹಿತ್ತಾಳೆ ತಗಡಿನಿಂದ ಶುರುಮಾಡಿದರು.

"ಎರಡು... ಮೂರು... ನಾಲ್ಕು..." ನಿಂತರು. ಮತ್ತೆ ತುದಿಗೆ ಬಂದರು. "ಎರಡು, ಮೂರು. ಅಲ್ರೀ, ಒಂದೆಲ್ಲಿ?"

"ಏನು?"

"ಒಂದು! ಒಂದು ಅನ್ನೋ ಪ್ಯಾಸೆಂಜರ್ ಹತ್ತೇ ಇಲ್ವಲ್ಲ ಇದಕ್ಕೆ! ಸೀದಾ ಎರಡಕ್ಕೆ ಹೊರಟುಬಿಟ್ಟಿದೆ ಗಾಡಿ."

ಅಳಿಯ ಪಟ್ಟಿ ಕಸಿದುಕೊಂಡು ನೋಡಿದ. ಹಿತ್ತಾಳೆ ತಗಡು ಅಚ್ಚುಕಟ್ಟಾಗಿಯೇ ಕೂತಿತ್ತು. ಉಗುರಿನಿಂದ ಅದರ ಅಂಚು ಎತ್ತಿದ. ಒಳಗೆ ಕತ್ತರಿಯಿಂದ ನೇರವಾಗಿ ಕತ್ತರಿಸಿದ ಬಟ್ಟೆ, ಅದರ ಅಂಚಿಗೇ ಸರಿಯಾಗಿ ಒಂದರ ಗೆರೆ. ಹಾಗಾದರೆ ಈ ಪಟ್ಟಿಯಲ್ಲಿ ಹದಿನೈದು ಎಂದರೆ ಹದಿನಾಲ್ಕು. ಅವನು ಓದಿದ್ದು ಸರಿ. ಆದರೆ ಅವಳು? ಅವಳು ಅದೇ ಪಟ್ಟಿ ಹಿಡಿದು ಸರಿಯಾಗಿ ಹೇಗೆ ಅಳೆದಳು? ಒಂದು ಗಂಟು ಬಿಚ್ಚುವಷ್ಟರಲ್ಲಿ ಇನ್ನೊಂದು ಬಿತ್ತು.

ಹೆಂಡತಿ ಒಳಗೆ ಬಂದಾಗ ಇಬ್ಬರೂ ಪಟ್ಟಿಯನ್ನು ಹಾವು ಹಿಡಿದವರ ಹಾಗೆ ಒಂದೊಂದು ತುದಿ ಹಿಡಿದು ಕೂತಿದ್ದರು.

"ಇದರ ಒಂದು ಎಲ್ಲೇ?" ಎಂದು ಕೇಳಿದ ಅಳಿಯ.

"ಓ ಅದಾ?" ಚೀಲ ಕೆಳಗಿಟ್ಟಳು. "ಇಸ್ತ್ರಿ ಪೆಟ್ಟಿಗೆ ತಾಗಿ ತುದಿ ಸುಟ್ಟಿತ್ತು. ಯಾವ ಕಾಲದ್ದೋ. ಕತ್ತರಿಸಿ, ತಗಡು ತೆಗೆದು ಮತ್ತೆ ಹಾಕ್ಕೊಂಡೆ. ಒಂದು ಕಳೆದು ಓದಿದರಾಯ್ತಲ್ಲ. ಅಭ್ಯಾಸ ಆಗಿದೆ, ಹದಿನಾರು ಕಂಡರೆ ಬಾಯಿ ತಾನಾಗೇ ಹದಿನೈದು ಅನ್ನುತ್ತೆ." ಅಷ್ಟು ಹೇಳಿದವಳು ಮೂಲೆಯ ಗೂಡು ನೋಡಿದಳು, ಪಟ್ಟಿ ನೋಡಿದಳು. "ಅಯ್ಯಯ್ಯೋ! ನಿಮಗೆ ಹೇಳೇ ಇಲ್ಲ ಅಲ್ವಾ!" ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಮಾವನೂ ನಕ್ಕರು. ಬೆರಳು ನೋಯಿತೆಂದು ಬೊಬ್ಬೆ ಹಾಕಿ ಮತ್ತೆ ನಕ್ಕರು. ಅಳಿಯ ಮಾತ್ರ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ. ಅದನ್ನು ಕಂಡು ಹೆಂಡತಿಯ ನಗು ನಿಂತುಹೋಯಿತು.

"ಏನಾಯ್ತು ರೀ?"

ಹೇಳಿದವರು ಮಾವ. ಅಂಗಡಿಯ ಹಿಂದಿನ ಕೋಣೆಯ ವಿಷಯ, ಕಣ್ಣು ತೋರಿಸಿದ ವಿಷಯ ಅವರಿಗೂ ಗೊತ್ತಿರಲಿಲ್ಲ. ಅದನ್ನು ಅವನೇ ಒಂದೊಂದಾಗಿ ಸೇರಿಸಿದ. ಕೇಳುತ್ತ ಕೇಳುತ್ತ ಅವಳ ಮುಖ ಕೆಂಪಾಯಿತು.

"ಅಪ್ಪನ ಹತ್ರ ಹೇಳ್ತೀರ. ಕನ್ನಡಕದವನ ಹತ್ರ ಹೋಗ್ತೀರ. ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ? ಕೇಳಿದ್ರೆ ಅವತ್ತೇ ಮುಗೀತಿತ್ತಲ್ಲ!"

"ನೀನು ಹೌದು ಅಂದುಬಿಟ್ರೆ ಅಂತ ಭಯ ಆಯ್ತು ಕಣೇ."

ಅವಳು ಅಡುಗೆಮನೆಗೆ ನಡೆದಳು. ಅಲ್ಲಿ ಪಾತ್ರೆಗಳು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿದವು.

ಕೆಳಗಿನ ಮನೆಯಿಂದ ಉಕ್ಕಿನ ಟೇಪು ತಂದರು. ಅಳಿಯ ಬಟ್ಟೆ ಬದಲಿಸಿಕೊಂಡು ಹೊಸ ಪೈಪಿಗೆ ಹೋಗಿ ಬಂದ. ಮಾವ ಕುರ್ಚಿ ಬಿಟ್ಟು ಕದಲಲಿಲ್ಲ. "ರೈಟ್... ರೈಟ್..." ಎನ್ನುತ್ತ ಪ್ರತಿಯೊಂದು ತುಂಡನ್ನೂ ಕೈಗೆ ತೆಗೆದುಕೊಂಡು ಪಕ್ಕಪಕ್ಕ ನಿಲ್ಲಿಸಿ ತಲೆ ಸವರಿ ನೋಡಿದರು. ಎಲ್ಲ ಸಮ. ಒಂದು ತೂತು ಮಾತ್ರ ಜಾರಿ ಓರೆಯಾಯಿತು. ಅದು ಪಟ್ಟಿಯ ತಪ್ಪೂ ಅಲ್ಲ, ತಲೆಯ ತಪ್ಪೂ ಅಲ್ಲ, ಗುಳಿ ಮಾಡದೆ ಬೈರಿಗೆ ಇಟ್ಟದ್ದಕ್ಕೆ ಆದದ್ದು ಎಂದು ಅಳಿಯ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಮೇಲೂ ಆ ತೂತನ್ನು ತುಸು ಹೊತ್ತು ನೋಡುತ್ತಲೇ ಇದ್ದ.

ಸಂಜೆಗೆ ಗೂಡು ಮಂಚದ ಮೇಲೆ ನೆಟ್ಟಗೆ ನಿಂತಿತು. ಮೇಲೆ ಹೊದಿಕೆ ಹಾಕಿದರು. ಮಾವ ಕತ್ತು ಚಾಚಿ ಒಳಗೆ ಇಣುಕಿ, "ಚಪ್ಪರ ಹಾಕಿದ ಹಾಗಿದೆ. ಬೆರಳಿಗೆ ಮದುವೆನೇ ಮಾಡಬಹುದು," ಎಂದು ಹೇಳಿ ಮಲಗಿದರು. ಎಷ್ಟೋ ದಿನಗಳಾದ ಮೇಲೆ ಆ ಕೋಣೆಯಿಂದ ಗೊರಕೆಯ ಸದ್ದು ಬಂತು.

ಹೆಂಡತಿ ನಡುಮನೆಯ ನೆಲದ ಮೇಲಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಅಳಿಯ ಇನ್ನೊಂದು ಬಟ್ಟೆ ತಂದು ಪಕ್ಕದಲ್ಲಿ ಕೂತ.

"ನಾಳೆ ಯಜಮಾನರಿಗೆ ಏನು ಹೇಳ್ತೀರ?"

"ಧೂಳು ಮುಗೀತು ಅಂತೀನಿ."

ಅವಳು ನಗಲಿಲ್ಲ. "ಪಕ್ಕದ ಮನೆಗೆ ಹೋಗಿ ಕೂತಾಗ ನಿಮ್ಮಪ್ಪನ್ನ ಕರ್ಕೊಂಡು ಬರೋಕೆ ಯಾರು ಹೋದ್ರು?"

ಅದನ್ನು ಯಾರೂ ಅವನನ್ನು ಕೇಳಿರಲಿಲ್ಲ. "ನಾನೇ," ಎಂದ.

"ಏನಂದ್ರು ಅವರು?"

"ಏನೂ ಅನ್ನಲಿಲ್ಲ. ನೀರು ಕುಡಿದು ಮುಗಿಸಿದರು. ಲೋಟ ಎಲ್ಲಿಡಬೇಕು ಅಂತ ನನ್ನನ್ನ ಕೇಳಿದರು. ನಂಗೂ ಗೊತ್ತಿರಲಿಲ್ಲ, ಅದು ನಮ್ಮ ಮನೆ ಅಲ್ವಲ್ಲ." ಬಟ್ಟೆಯನ್ನು ಹಿಂಡಿದ. "ಅದು ನಂಗೆ ಬರುತ್ತೋ ಇಲ್ವೋ ಈಗಲೂ ಗೊತ್ತಿಲ್ಲ ಕಣೇ. ಪಟ್ಟಿ ಸರಿ ಇಲ್ಲ ಅಂತ ಗೊತ್ತಾಯ್ತು, ಅಷ್ಟೇ."

"ನಂಗೂ ಗೊತ್ತಿಲ್ಲ," ಎಂದಳು ಅವಳು. "ಇನ್ನೊಂದು ಸಲ ಹಾಗನ್ನಿಸಿದ್ರೆ ಮೊದಲು ನನ್ನ ಹತ್ರ ಬನ್ನಿ. ಕಾಲು ಎತ್ತಿ ಸ್ವಲ್ಪ, ಅಡಿಯಲ್ಲೆಲ್ಲ ಪುಡಿ."

ಅವನು ಕಾಲೆತ್ತಿದ. ಅವಳು ಒರೆಸಿದಳು.